ಹಚ್ಚೆ: ಚುಚ್ಚಿದ ಸೂಜಿಯಿಂದ ಅಳಿಸುವ ಬೆಳಕಿನವರೆಗೆ

ಸತ್ತಾಗ ಒಡವೆ, ಸೀರೆ, ಹೊಲ, ಮನೆ ಯಾವುದೂ ಜೊತೆಗೆ ಬರುವುದಿಲ್ಲ, ಬರುವುದು ಹಚ್ಚೆಯೊಂದೇ. ಕರ್ನಾಟಕದ ಹಳ್ಳಿಗಳಲ್ಲಿ ಹಿರಿಯ ಹೆಂಗಸರು ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತಿದು. ಕಳ್ಳ ಕದಿಯಲಾರದ, ಸಾಲ ಕೊಟ್ಟವನು ಕಿತ್ತುಕೊಳ್ಳಲಾರದ ಒಡವೆ ಎಂಬ ಅಭಿಮಾನ ಆ ಮಾತಿನಲ್ಲಿತ್ತು. ಅದೇ ಹಚ್ಚೆಯನ್ನು ಅಳಿಸಿಕೊಡುವ ಚಿಕಿತ್ಸೆ ಇಂದು ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂಥ ಬಡಾವಣೆಗಳ ಚರ್ಮವೈದ್ಯರ ಬಳಿ ಸಿಗುತ್ತದೆ. ಅಳಿಯದ್ದು ಎಂಬ ಕಾರಣಕ್ಕೇ ಬೆಲೆ ಪಡೆದಿದ್ದ ಗುರುತು ಅಳಿಸಬಹುದಾದ ವಸ್ತುವಾದದ್ದು ಹೇಗೆ?

ಹಳೆಯ ಮೈಸೂರು ಸೀಮೆಯಲ್ಲಿ ಹಚ್ಚೆ ಹಾಕುವುದು ಹೆಚ್ಚಾಗಿ ಕೊರವಂಜಿಯರ ಕಸುಬು. ಬುಟ್ಟಿ ಹೊತ್ತು, ಕಣಿ ಹೇಳುತ್ತ ಊರೂರು ಅಲೆಯುತ್ತಿದ್ದ ಅವರನ್ನು ಹೆಂಗಸರು ಜಗುಲಿಗೆ ಕರೆದು ಕೂರಿಸುತ್ತಿದ್ದರು. ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರಿಗೂ ಈ ವಿದ್ಯೆ ಗೊತ್ತಿತ್ತು. ದೀಪದ ಕಪ್ಪನ್ನು ಸೊಪ್ಪಿನ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚುವುದು ಕ್ರಮ. ಹಣೆಗೆ ಬೊಟ್ಟು, ಗಲ್ಲಕ್ಕೆ ಚುಕ್ಕಿ, ಮುಂಗೈಗೆ ರಂಗೋಲಿ, ಚೇಳು, ತೊಟ್ಟಿಲು; ತೋಳಿಗೆ ಗಂಡನ ಹೆಸರು. ಕೂಲಿಯಾಗಿ ಒಂದಿಷ್ಟು ರಾಗಿ, ಹಳೆಯ ಸೀರೆ, ಎಲೆ ಅಡಿಕೆ. ಚುಚ್ಚಿಸಿಕೊಳ್ಳುವವಳು ಬಹುಪಾಲು ಮದುವೆಗೆ ಮುಂಚಿನ ಹುಡುಗಿ. ಅವಳ ಇಷ್ಟವನ್ನು ಕೇಳುವ ಪದ್ಧತಿ ಇರಲಿಲ್ಲ.

ಕೇಳದೆ ಹಾಕಿದ ಹಚ್ಚೆಗೆ ಇನ್ನೂ ಕ್ರೂರವಾದ ಇತಿಹಾಸವಿದೆ. ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರ 1797ರಲ್ಲಿ ಬಂಗಾಳ ಪ್ರಾಂತದ ಜೀವಾವಧಿ ಕೈದಿಗಳ ಹಣೆಯ ಮೇಲೆ ಹೆಸರು, ಅಪರಾಧಗಳನ್ನು ಚುಚ್ಚಿಸುವ ನಿಯಮ ತಂದಿತು. 'ಗೋದ್ನಾ' ಎಂಬ ಈ ಶಿಕ್ಷೆ ಮದರಾಸು ಪ್ರಾಂತಕ್ಕೂ ಹಬ್ಬಿ, 1849ರವರೆಗೆ ಉಳಿಯಿತು. ಹಣೆಯ ಅಕ್ಷರ ಮುಚ್ಚಲು ಕೈದಿಗಳು ರುಮಾಲನ್ನು ಕೆಳಗಿಳಿಸಿ ಸುತ್ತಿಕೊಳ್ಳುತ್ತಿದ್ದರು. ಊರ ಹೆಂಗಸಿಗೆ ಒಡವೆಯಾಗಿದ್ದುದು ಇಲ್ಲಿ ಬೇಡಿಯಾಗಿತ್ತು.

ಹಾಗಾಗಿ ಹಚ್ಚೆಯಷ್ಟೇ ಹಳೆಯದು ಅದನ್ನು ಅಳಿಸುವ ಆಸೆ. 6ನೆಯ ಶತಮಾನದ ಗ್ರೀಕ್ ವೈದ್ಯ ಏಟಿಯಸ್ ತನ್ನ ಗ್ರಂಥದಲ್ಲಿ ಹಚ್ಚೆ ಹಾಕುವ ಶಾಯಿಯ ಜೊತೆಗೆ, ಅದನ್ನು ತೆಗೆಯುವ ಲೇಪವನ್ನೂ ವಿವರಿಸಿದ್ದಾನೆ. ಮುಂದಿನ ಶತಮಾನಗಳಲ್ಲೂ ದಾರಿ ಬೇರೆಯಾಗಲಿಲ್ಲ: ಕ್ಷಾರ ಅಥವಾ ಆಮ್ಲದಿಂದ ಸುಡುವುದು, ಉಪ್ಪು ಹಾಕಿ ಉಜ್ಜುವುದು, ಚರ್ಮವನ್ನೇ ಕತ್ತರಿಸಿ ಹೊಲಿಯುವುದು. ಹಚ್ಚೆ ಹೋದರೂ ಗಾಯದ ಕಲೆ ಉಳಿಯುತ್ತಿತ್ತು. ನಾಚಿಕೆ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಾಗುತ್ತಿತ್ತು, ಅಷ್ಟೆ.

ಕಲೆಯಿಲ್ಲದೆ ಅಳಿಸುವ ದಾರಿ ತೆರೆದದ್ದು ಬೆಳಕಿನಿಂದ. 1960ರಲ್ಲಿ ಅಮೆರಿಕದ ಥಿಯೊಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಅದೇ ದಶಕದಲ್ಲಿ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಹಚ್ಚೆಯ ಮೇಲೆ ಪ್ರಯೋಗಿಸಿದರು. 1983ರಲ್ಲಿ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಇದರ ಹಿಂದಿನ ತತ್ತ್ವವನ್ನು ಸ್ಪಷ್ಟಪಡಿಸಿದರು: ತಕ್ಕ ಬಣ್ಣದ ಬೆಳಕನ್ನು ಅತ್ಯಲ್ಪ ಕಾಲ ಹಾಯಿಸಿದರೆ ಗುರಿಯಾದ ಕಣ ಮಾತ್ರ ಕಾಯುತ್ತದೆ, ಸುತ್ತಲಿನ ಚರ್ಮ ಸುಡುವುದಿಲ್ಲ.

ಹಚ್ಚೆ ಅಳಿಯದೆ ನಿಲ್ಲುವುದಕ್ಕೆ ಕಾರಣ ದೇಹದ ಕಾವಲು ಜೀವಕೋಶಗಳು. ಒಳಗೆ ಬಂದ ಬಣ್ಣದ ಕಣಗಳನ್ನು ಅವು ನುಂಗುತ್ತವೆ, ಆದರೆ ಅರಗಿಸಲಾರವು. ಒಂದು ಕೋಶ ಸತ್ತರೆ ಅದರ ಬಣ್ಣವನ್ನು ಹೊಸ ಕೋಶ ನುಂಗುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಸೆಕೆಂಡಿನ ನೂರು ಕೋಟಿಯ ಕೆಲವೇ ಭಾಗಗಳಷ್ಟು ಕಾಲ ಮಿಂಚುವ ಲೇಸರ್ ಈ ಕಣಗಳನ್ನು ಪುಡಿಮಾಡುತ್ತದೆ. ಪುಡಿಯನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಆದ್ದರಿಂದಲೇ ಒಂದೇ ಸಲಕ್ಕೆ ಕೆಲಸ ಮುಗಿಯದು. ಸಾಮಾನ್ಯವಾಗಿ 6ರಿಂದ 8 ವಾರಗಳ ಅಂತರದಲ್ಲಿ ಹಲವು ಬಾರಿ ಬರಬೇಕಾಗುತ್ತದೆ.

ನಮ್ಮ ಕಂದು ಮೈಬಣ್ಣಕ್ಕೆ ಹೆಚ್ಚಿನ ಎಚ್ಚರ ಬೇಕು. ಚರ್ಮದ ಸಹಜ ವರ್ಣದ್ರವ್ಯವೂ ಬೆಳಕನ್ನು ಹೀರುವುದರಿಂದ ಸುಟ್ಟ ಗಾಯ, ಬಿಳಿ ಮಚ್ಚೆಗಳ ಅಪಾಯವಿದೆ. ಚರ್ಮದೊಳಗೆ ಆಳಕ್ಕಿಳಿಯುವ 1064 ನ್ಯಾನೊಮೀಟರ್ ತರಂಗದ ಲೇಸರ್ ಇಲ್ಲಿ ಹೆಚ್ಚು ಸುರಕ್ಷಿತ. ಕಪ್ಪು ಬಣ್ಣ ಅದಕ್ಕೆ ಸುಲಭವಾಗಿ ಮಣಿಯುತ್ತದೆ. ಹಸಿರು, ಹಳದಿ ಹಟಮಾರಿಗಳು. ಕೊರವಂಜಿಯ ದೀಪದ ಕಪ್ಪು ಬೇಗ ಹೋದೀತು, ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ ಬಣ್ಣಬಣ್ಣದ ಚಿತ್ರ ಹೋಗದಿದ್ದೀತು. ತರಬೇತಿಯಿಲ್ಲದವರ ಕೈಯಲ್ಲಿ ಈ ಯಂತ್ರ ಹಳೆಯ ಆಮ್ಲದಷ್ಟೇ ಅಪಾಯಕಾರಿ.

ಅಳಿಸಲು ಬರುವವರ ಕಾರಣಗಳು ಕಾಲವನ್ನು ಹೇಳುತ್ತವೆ. ಮುರಿದ ಪ್ರೀತಿಯ ಹೆಸರು ಒಂದಾದರೆ, ನೌಕರಿ ಇನ್ನೊಂದು. ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದವರನ್ನು ಭಾರತೀಯ ಸೇನೆ ಸೇರಿಸಿಕೊಳ್ಳುವುದಿಲ್ಲ. ಸಂಪ್ರದಾಯವಾಗಿ ಹಚ್ಚೆ ಹಾಕುವ ಬುಡಕಟ್ಟುಗಳಿಗೆ ಮಾತ್ರ ವಿನಾಯಿತಿ. ಜಾತ್ರೆಯಲ್ಲಿ ಐದು ನಿಮಿಷದ ಉತ್ಸಾಹಕ್ಕೆ ತೋಳು ಒಡ್ಡಿದ ಹುಡುಗನಿಗೆ ಈ ನಿಯಮ ತಿಳಿಯುವುದು ಭರ್ತಿಯ ಸಾಲಿನಲ್ಲಿ.

ಮೂರನೆಯ ಕಾರಣ ಹೆಚ್ಚು ಮೌನದ್ದು. ಸ್ವಾತಂತ್ರ್ಯಾನಂತರ ಕೈಗಾರಿಕಾ ಬಡಾವಣೆಯಾಗಿ ರೂಪುಗೊಂಡು, ರಾಜಾಜಿಯವರ ಹೆಸರು ಪಡೆದ ರಾಜಾಜಿನಗರದಂಥ ಕಡೆಗೆ ಸುತ್ತಲ ಹಳ್ಳಿಗಳಿಂದ ಕುಟುಂಬಗಳು ಬಂದು ನೆಲೆಸಿದವು. ಹಳ್ಳಿಯಲ್ಲಿ ಲಕ್ಷಣವೆನಿಸಿದ್ದ ಹಣೆಯ ಹಚ್ಚೆ ನಗರದಲ್ಲಿ ಹಳ್ಳಿಗಿತ್ತಿಯ ಗುರುತಾಯಿತು. ತಾಯಂದಿರು ಅದರ ಮೇಲೆ ದೊಡ್ಡ ಕುಂಕುಮವಿಟ್ಟರು, ಮಗಳಿಗೆ ಚುಚ್ಚಿಸಲಿಲ್ಲ. ಇಂದು ಮೊಮ್ಮಗಳು ತಾನಾಗಿಯೇ ದುಡ್ಡು ಕೊಟ್ಟು ಹಚ್ಚೆ ಹಾಕಿಸಿಕೊಳ್ಳುತ್ತಾಳೆ, ಬೇಡವೆನಿಸಿದರೆ ಅಳಿಸಿಕೊಳ್ಳುತ್ತಾಳೆ. ಅಜ್ಜಿಗೆ ಈ ಎರಡು ಆಯ್ಕೆಗಳಲ್ಲಿ ಒಂದೂ ಇರಲಿಲ್ಲ.

ಅದನ್ನು ಲಾಭವೆಂದೇ ಎಣಿಸಬೇಕು. ಆದರೆ ಚೇಳು, ತೊಟ್ಟಿಲುಗಳ ಹಳೆಯ ವಿನ್ಯಾಸಗಳು ಮರೆಯಾಗುತ್ತಿರುವುದು ಲೇಸರಿನಿಂದಲ್ಲ. ಅವನ್ನು ಕೈಯಾರೆ ಬಲ್ಲ ಕೊರವಂಜಿಯರು ಜಗುಲಿಗೆ ಬರುವುದು ನಿಂತಿದೆ. ಅವನ್ನು ಹೊತ್ತ ಅಜ್ಜಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಹಿರಿಯರ ಮಾತಿನಂತೆ ಹಚ್ಚೆ ಅವರ ಜೊತೆಗೇ ಹೋಗುತ್ತಿದೆ. ಅದಕ್ಕೆ ಮುಂಚೆ ಆ ಚಿತ್ರಗಳನ್ನು ಕಾಗದದ ಮೇಲಾದರೂ ಬರೆದಿಟ್ಟುಕೊಳ್ಳುವುದು ಆಯಾ ಮನೆಯವರಿಂದಲೇ ಆಗಬಹುದಾದ ಕೆಲಸ.