ಊಟದ ನಂತರದ ಹೊಟ್ಟೆನೋವು

ಉಂಡ ಮೇಲೆ ಹೊಟ್ಟೆಯಲ್ಲಿ ಏಳುವ ನೋವು, ಉರಿ ಅಥವಾ ಉಬ್ಬರ. ಇದೇ ಒಂದು ರೋಗವಲ್ಲ, ಹಲವು ರೋಗಗಳ ಲಕ್ಷಣ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಇದಕ್ಕೆಲ್ಲ ‘ಪಿತ್ತ ಆಗೇತಿ’, ‘ಗ್ಯಾಸ್ ಆಗೇತಿ’ ಎಂದು ಮಾತು ಮುಗಿಸುತ್ತಾರೆ. ನೋವು ಎಲ್ಲಿ, ಉಂಡು ಎಷ್ಟು ಹೊತ್ತಿಗೆ ಎಂದು ಹೇಳಿದರೆ ವೈದ್ಯರ ಅರ್ಧ ಕೆಲಸ ಹಗುರ.

ಉಣ್ಣುತ್ತಲೇ ಹೊಟ್ಟೆಯ ಮೇಲ್ಭಾಗ ನೊಂದರೆ ಜಠರದ ಹುಣ್ಣಿರಬಹುದು. ಉಂಡಾಗ ಶಮನವಾಗಿ, ಎರಡು ಮೂರು ತಾಸಿಗೋ ನಡುರಾತ್ರಿಗೋ ಮರಳಿದರೆ ಸಣ್ಣ ಕರುಳಿನ ಆರಂಭದ ಹುಣ್ಣಿನ ಶಂಕೆ. ಜನರ ದೂರೆಲ್ಲ ರೊಟ್ಟಿಯ ಜೊತೆಗಿನ ರಂಜಕವೆಂಬ ಖಾರದ ಚಟ್ನಿಯ ಮೇಲೆ! ಖಾರ ಉರಿಯನ್ನು ಕೆರಳಿಸೀತು, ಹುಣ್ಣನ್ನು ಹುಟ್ಟಿಸದು. ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯ. ತನ್ನ ಸುತ್ತ ಅಮೋನಿಯ ಹರಡಿಕೊಂಡು ಅದು ಜಠರದ ಆಮ್ಲದಲ್ಲೂ ಬದುಕುತ್ತದೆ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡ. 2005ರ ನೊಬೆಲ್ ಅವನಿಗೂ ರಾಬಿನ್ ವಾರನ್‌ಗೂ ಬಂತು. ಈ ಬ್ಯಾಕ್ಟೀರಿಯಕ್ಕೆ ಸಾಮಾನ್ಯವಾಗಿ 14 ದಿನದ ಔಷಧಿ. ನೋವು ನಿಂತಿತೆಂದು ನಡುವೆ ಬಿಡಬಾರದು. ಹುಣ್ಣಿಗೆ ಇನ್ನೊಂದು ಕಾರಣ ನೋವಿನ ಗುಳಿಗೆ. ದಿನವಿಡೀ ಕಬ್ಬು ಕಡಿದು ಸೊಂಟ ಹಿಡಿಯಿತೆಂದು ಬರಿಹೊಟ್ಟೆಯಲ್ಲಿ ಡೈಕ್ಲೋಫೆನಾಕ್ ನುಂಗುವವರ ಜಠರದ ಒಳಪದರು ದುರ್ಬಲವಾಗುತ್ತದೆ. ನಿಪ್ಪಾಣಿ ಹೆಸರಾಗಿರುವುದೇ ಬೀಡಿ ತಂಬಾಕಿಗೆ. ಬೀಡಿ ಸೇದುವವರ ಹುಣ್ಣು ಬೇಗ ಮಾಯುವುದಿಲ್ಲ.

ತುಪ್ಪದ ಹೋಳಿಗೆ, ಮಿರ್ಚಿ ಭಜಿ ಉಂಡ ಸ್ವಲ್ಪ ಹೊತ್ತಿಗೆ ಬಲಪಕ್ಕೆಯ ಕೆಳಗೆ ಹಿಡಿದು, ಬಲಭುಜದತ್ತ ಹರಿಯುವ ನೋವು ಪಿತ್ತಕೋಶದ ಕಲ್ಲಿನದು. ಜಿಡ್ಡು ಕರುಳಿಗಿಳಿದಾಗ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಕಲ್ಲು ಅದರ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಇದು ಕಾಣುತ್ತದೆ. ಬೆನ್ನಿಗೆ ತೂರುವ ನೋವು, ಅದರಲ್ಲೂ ಸಾರಾಯಿ ಕುಡಿಯುವವರಲ್ಲಿ, ಮೇದೋಜೀರಕದ್ದಿರಬಹುದು. ಹಾಲು ಕುಡಿದಾಗಲೆಲ್ಲ ಉಬ್ಬರ, ಭೇದಿಯಾದರೆ ಹಾಲಿನ ಸಕ್ಕರೆ ಅರಗುತ್ತಿಲ್ಲವೆಂದು ಅರ್ಥ.

ಸ್ವಲ್ಪ ಸ್ವಲ್ಪ ಉಣ್ಣುವುದು, ಉಂಡು ಎರಡು ತಾಸು ಮಲಗದಿರುವುದು, ತಂಬಾಕು ಬಿಡುವುದು ಮನೆಯಲ್ಲೇ ಆಗುವ ಉಪಾಯ. ಅಜವಾನದ ನೀರು ಉಬ್ಬರಕ್ಕೆ ಹಿತವೆನಿಸೀತು, ಹುಣ್ಣನ್ನಾಗಲಿ ಕಲ್ಲನ್ನಾಗಲಿ ವಾಸಿಮಾಡದು. ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲನ್ನು ಊಟಕ್ಕೆ ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕು. ವರ್ಷಗಟ್ಟಲೆ ತಾವೇ ಕೊಂಡು ನುಂಗುವಂಥದ್ದಲ್ಲ.

ಡಾಂಬರಿನಂಥ ಕರಿಮಲ, ರಕ್ತವಾಂತಿ, ಕಾಮಾಲೆ, ಕಾರಣವಿಲ್ಲದೆ ತೂಕ ಇಳಿಯುವುದು, ಹಲಗೆಯಂತೆ ಬಿಗಿದ ಹೊಟ್ಟೆ ಕಂಡರೆ ತಡಮಾಡುವಂತಿಲ್ಲ. ಕಾಗವಾಡದವರಿಗೆ ಮೀರಜ್‌ನ ಆಸ್ಪತ್ರೆಗಳು ಹತ್ತಿರ. ಉಳಿದವರಿಗೆ ಬೆಳಗಾವಿಯೂ ಇದೆ, ತುರ್ತಿಗೆ 108 ಆಂಬುಲೆನ್ಸ್ ಇದೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಬೆವರಿನ ಜೊತೆ ಮೇಲ್ಹೊಟ್ಟೆ ನೋವು ಬಂದರೆ ಅದು ಹೃದಯಾಘಾತವೂ ಆಗಿರಬಹುದಾದ್ದರಿಂದ ಮೊದಲು ಇಸಿಜಿ ತೆಗೆಸಬೇಕು.