ಕೋಲಾರದ ನೀಲಗಿರಿ: ದಾನಿ ಕೇಳಿಸಿಕೊಂಡದ್ದೇನು?

ಒಂದು ದೇಶ ಮತ್ತೊಂದು ದೇಶಕ್ಕೆ ನೆರವು ನೀಡುವಾಗ ಹಣದ ಜೊತೆಗೆ ಒಂದು ನಂಬಿಕೆಯನ್ನೂ ಕಳುಹಿಸುತ್ತದೆ. ಈ ಹಣದಿಂದ ಬಡವರಿಗೆ ಒಳಿತಾಗುವುದೆಂಬುದೇ ಆ ನಂಬಿಕೆ. ಅದು ಎಷ್ಟರಮಟ್ಟಿಗೆ ನಿಜವಾಯಿತೆಂದು ಪರೀಕ್ಷಿಸುವ ಕೆಲಸಕ್ಕೆ ಮೌಲ್ಯಮಾಪನವೆಂದು ಹೆಸರು. ಪರೀಕ್ಷೆಯ ಫಲ ಕಹಿಯಾಗಿದ್ದರೆ ದಾನಿ ಏನು ಮಾಡುತ್ತಾನೆ? ಉತ್ತರವನ್ನು ಅರಸಿ ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಬೆಳೆದ ನೀಲಗಿರಿ ತೋಪುಗಳ ಇತಿಹಾಸವನ್ನು ಅವಲೋಕಿಸಿದರೆ ಸಾಕು.

ಈ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ಇಲ್ಲಿನ ಜನರು ತಲೆಮಾರುಗಳಿಂದ ಕೆರೆಗಳನ್ನೂ ಬಾವಿಗಳನ್ನೂ ಆಶ್ರಯಿಸಿ ಬದುಕಿದವರು. ಮಳೆಯ ಹೊಲಗಳಲ್ಲಿ ರಾಗಿ, ಅವರೆ, ಹುರುಳಿಗಳನ್ನು ಬೆಳೆದವರು. ನೀಲಗಿರಿ ಇಲ್ಲಿಗೆ ತೀರಾ ಹೊಸದೇನಲ್ಲ. ಅಂದು ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದಲ್ಲಿ ಟಿಪ್ಪುವಿನ ಕಾಲದಲ್ಲೇ ಈ ಮರವನ್ನು ನೆಟ್ಟರೆಂದು ಹೇಳುತ್ತಾರೆ. ಆದರೆ ಅದು ಬೆಟ್ಟವಿಳಿದು ರಾಗಿಯ ಹೊಲವನ್ನು ಪ್ರವೇಶಿಸಿದ್ದು 1970ರ ದಶಕದ ಕೊನೆಯಲ್ಲಿ. ಹರಿಹರದ ರೇಯಾನ್ ತಿರುಳಿನ ಕಾರ್ಖಾನೆಯಂಥ ಉದ್ಯಮಗಳಿಗೆ ಮರ ಬೇಕಾಗಿತ್ತು. ರೈತನಿಗೂ ಅವನದೇ ಆದ ಕಾರಣಗಳಿದ್ದವು. ನೀಲಗಿರಿಯನ್ನು ದನಕರುಗಳು ಮೇಯುವುದಿಲ್ಲ, ಬರಕ್ಕೆ ಅದು ಬೇಗ ಬಾಗುವುದಿಲ್ಲ, ಕೂಲಿಯವರ ಅಗತ್ಯ ಕಡಿಮೆ. ಕಡಿದರೆ ಮತ್ತೆ ಚಿಗುರುತ್ತದೆ.

ಕೂಲಿಯ ಅಗತ್ಯ ಕಡಿಮೆ ಎಂಬುದು ಭೂಮಾಲೀಕನಿಗೆ ಲಾಭ. ಆದರೆ ಆ ಹೊಲದ ಕೂಲಿಯನ್ನೇ ನಂಬಿದ್ದ ಕುಟುಂಬಕ್ಕೆ ಅದು ನಷ್ಟ. ಈ ಮಾತನ್ನು ಮೊದಲು ಬರಹದಲ್ಲಿ ಎತ್ತಿ ತೋರಿಸಿದವರು ಜಯಂತ ಬಂದೋಪಾಧ್ಯಾಯ, ವಂದನಾ ಶಿವ ಮತ್ತು ಎಚ್.ಸಿ. ಶರತ್ಚಂದ್ರ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆ 1981ರಲ್ಲಿ ಹೊರತಂದ ಅವರ ಅಧ್ಯಯನದ ಕ್ಷೇತ್ರ ಕೋಲಾರ ಜಿಲ್ಲೆಯೇ. ನೀಲಗಿರಿಯಿಂದ ರಾಗಿಯ ಭೂಮಿ ಕುಗ್ಗುತ್ತಿದೆ, ಕೂಲಿಯ ದಿನಗಳು ಇಳಿಯುತ್ತಿವೆ, ಊರಲ್ಲಿಲ್ಲದ ಜಮೀನುದಾರರಿಗೆ ಅನುಕೂಲವಾಗುತ್ತಿದೆ ಎಂದು ಅವರು ವಾದಿಸಿದರು. ರಾಗಿ ಕುಗ್ಗಲು ಬರವೂ ಕಾರಣವೆಂದು ಪ್ರತಿವಾದ ಹೂಡಿದವರಿದ್ದರು. ಆ ಚರ್ಚೆ ಏನೇ ಇರಲಿ, ಎಚ್ಚರಿಕೆಯ ಮಾತಂತೂ ಬಹಿರಂಗವಾಗಿಯೇ ಬಂದಿತ್ತು.

ಹೀಗಿದ್ದೂ 1983ರಲ್ಲಿ ವಿಶ್ವಬ್ಯಾಂಕ್ ಮತ್ತು ಬ್ರಿಟನ್ನಿನ ವಿದೇಶಿ ನೆರವಿನ ಇಲಾಖೆಯಾದ ಓ.ಡಿ.ಎ. ಕೂಡಿ ಕರ್ನಾಟಕದ ಸಾಮಾಜಿಕ ಅರಣ್ಯ ಯೋಜನೆಗೆ ಹಣ ಒದಗಿಸಿದವು. ಹಳ್ಳಿಯ ಬಡವರಿಗೆ ಸೌದೆ, ಮೇವು, ಸಣ್ಣ ಮರಮಟ್ಟು ದೊರಕಿಸುವುದು ಯೋಜನೆಯ ಘೋಷಿತ ಉದ್ದೇಶ. ನಡೆದದ್ದು ಬೇರೆ. ರೈತರ ಸ್ವಂತ ಜಮೀನಿಗೆ ಹಂಚಿದ ಸಸಿಗಳು ಗುರಿಯನ್ನು ಮೀರಿದವು, ಅವುಗಳಲ್ಲಿ ನೀಲಗಿರಿಯದೇ ಮೇಲುಗೈ. ಊರವರೆಲ್ಲರಿಗೂ ಸೇರಬೇಕಾದ ಸಮುದಾಯ ತೋಪುಗಳು ಮಾತ್ರ ಹಿಂದೆ ಬಿದ್ದವು. ಅದೇ 1983ರಲ್ಲಿ ನೆರೆಯ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸಿಮಡಿಗೆ ನುಗ್ಗಿ ನೀಲಗಿರಿಯ ಸಸಿಗಳನ್ನು ಕಿತ್ತೆಸೆದು, ಹುಣಸೆ ಮತ್ತು ಮಾವಿನ ಬೀಜಗಳನ್ನು ಬಿತ್ತಿದರು. ಅದೂ ಒಂದು ಮೌಲ್ಯಮಾಪನವೇ. ವರದಿಯ ರೂಪದಲ್ಲಿರಲಿಲ್ಲ, ಅಷ್ಟೆ.

ದಾನಿ ಕಿವಿ ಮುಚ್ಚಿಕೊಂಡನೆಂದು ಹೇಳಿದರೆ ಅನ್ಯಾಯವಾದೀತು. ನೀಲಗಿರಿ ನೆಲದ ನೀರನ್ನು ಹೀರುತ್ತದೆಂಬ ಆರೋಪವನ್ನು ಓ.ಡಿ.ಎ. ವಿಜ್ಞಾನದ ಪ್ರಶ್ನೆಯಾಗಿ ಸ್ವೀಕರಿಸಿತು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಮತ್ತು ಸಂಗಡಿಗರು ಕರ್ನಾಟಕ ಅರಣ್ಯ ಇಲಾಖೆಯೊಡನೆ ಸೇರಿ ಶಿವಮೊಗ್ಗದ ಕಡೆಯ ಎರಡು ತಾಣಗಳಲ್ಲಿಯೂ ಮಾಲೂರಿನ ನೆರೆಯ ಹೊಸಕೋಟೆಯಲ್ಲಿಯೂ ವರ್ಷಗಟ್ಟಲೆ ಅಳತೆ ನಡೆಸಿದರು. ಆ ಫಲಿತಾಂಶಗಳನ್ನು 1991ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಅಂತರರಾಷ್ಟ್ರೀಯ ವಿಚಾರಸಂಕಿರಣದ ಮುಂದಿಟ್ಟರು.

ಅವರು ಕಂಡದ್ದು ಯಾವ ಪಕ್ಷಕ್ಕೂ ಪೂರ್ಣ ಜಯ ನೀಡಲಿಲ್ಲ. ಸಾಧಾರಣ ಆಳದ ಮಣ್ಣಿನಲ್ಲಿ ಎಳೆಯ ನೀಲಗಿರಿ ತೋಪು ಬಳಸುವ ನೀರು ಸ್ಥಳೀಯ ಎಲೆಯುದುರುವ ಕಾಡಿನದಕ್ಕಿಂತ ಹೆಚ್ಚೇನಲ್ಲ. ಬೇರುಗಳು ಅಂತರ್ಜಲದ ಮಟ್ಟವನ್ನು ನೇರವಾಗಿ ಮುಟ್ಟಿದ್ದಕ್ಕೂ ಅಲ್ಲಿ ಪುರಾವೆ ಸಿಗಲಿಲ್ಲ. ಆದರೆ ರಾಗಿಗೆ ಹೋಲಿಸಿದರೆ ನೀಲಗಿರಿ ಸುಮಾರು ಎರಡರಷ್ಟು ನೀರನ್ನು ಬಳಸುತ್ತಿತ್ತು. ಹೊಸಕೋಟೆಯ ಆಳವಾದ ಮಣ್ಣಿನಲ್ಲಂತೂ ಬಿದ್ದ ಮಳೆಗಿಂತಲೂ ಹೆಚ್ಚು ನೀರು ಖರ್ಚಾಗುತ್ತಿತ್ತು. ಬೇರುಗಳು ವರ್ಷವರ್ಷವೂ ಆಳಕ್ಕಿಳಿದು, ಮಣ್ಣು ಹಿಂದೆಂದೋ ಕೂಡಿಟ್ಟಿದ್ದ ತೇವವನ್ನು ತೆಗೆಯುತ್ತಿದ್ದವು. ಮರಕ್ಕೂ ಬೆಳೆಗೂ ಸರದಿ ಹಾಕಿ, ನೆಲಕ್ಕೆ ಮತ್ತೆ ತೇವ ತುಂಬಿಕೊಳ್ಳಲು ಕೆಲವು ವರ್ಷ ಬಿಡುವು ಕೊಡಬೇಕೆಂಬ ಸಲಹೆ ಹುಟ್ಟಿದ್ದು ಇದರಿಂದಲೇ. ಕಾಡಿನ ಜಾಗದಲ್ಲಿ ನೀಲಗಿರಿ ಬಂದರೆ ಒಂದು ಲೆಕ್ಕ, ರಾಗಿಯ ಜಾಗದಲ್ಲಿ ಬಂದರೆ ಇನ್ನೊಂದು ಲೆಕ್ಕ. ಕೋಲಾರದಲ್ಲಿ ನಡೆದದ್ದು ಎರಡನೆಯದು.

ದಾನಿ ಪಾಠ ಕಲಿತದ್ದೂ ನಿಜ. ಬ್ರಿಟನ್ ನಂತರ ನೆರವು ನೀಡಿದ ಪಶ್ಚಿಮ ಘಟ್ಟಗಳ ಅರಣ್ಯ ಯೋಜನೆ 1990ರ ದಶಕದ ಆರಂಭದಲ್ಲಿ ಉತ್ತರ ಕನ್ನಡದಲ್ಲಿ ಶುರುವಾಯಿತು. ಅಲ್ಲಿ ಸಸಿಗಳ ಸಂಖ್ಯೆಗಿಂತ ಜನರ ಪಾಲ್ಗೊಳ್ಳುವಿಕೆಗೆ ಒತ್ತು ಬಿತ್ತು. ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಕುರಿತು ರಾಜ್ಯ ಸರ್ಕಾರದ ಆದೇಶವೂ 1993ರಲ್ಲಿ ಹೊರಬಿತ್ತು. ಗ್ರಾಮ ಅರಣ್ಯ ಸಮಿತಿಗಳು ರೂಪುಗೊಂಡವು.

ಆದರೆ ಪಾಠ ಕಲಿಸಿದ ನೆಲದ ಗತಿಯೇನು? ಬಯಲುಸೀಮೆಯ ತಪ್ಪುಗಳಿಂದ ದೊರೆತ ವಿವೇಕದ ಫಲ ಮೊದಲು ಸಂದದ್ದು ಮಲೆನಾಡಿಗೆ. ಕೋಲಾರದ ಖಾಸಗಿ ಹೊಲಗಳಲ್ಲಿ ಬೇರೂರಿದ್ದ ಮರಗಳು ಯಾವ ಸಮಿತಿಯ ವ್ಯಾಪ್ತಿಗೂ ಬರಲಿಲ್ಲ. ನೀಲಗಿರಿ ಮತ್ತು ಅಕೇಶಿಯಾಗಳನ್ನು ಹೊಸದಾಗಿ ನೆಡುವುದನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಬೆಂಗಳೂರಿನ ಆ ವಿಚಾರಸಂಕಿರಣ ನಡೆದು 26 ವರ್ಷಗಳಾದ ಮೇಲೆ. ಅಷ್ಟರಲ್ಲಿ ಕೋಲಾರ ಜಿಲ್ಲೆ ಅಂತರ್ಜಲದ ಅತಿಬಳಕೆಗೆ ನಾಡಿನಲ್ಲೇ ಹೆಸರಾಗಿತ್ತು. ಇದಕ್ಕೆ ನೀಲಗಿರಿಯೊಂದನ್ನೇ ಹೊಣೆಯಾಗಿಸುವುದು ಸತ್ಯಕ್ಕೆ ದೂರ. ಮಿತಿಮೀರಿದ ಕೊಳವೆಬಾವಿಗಳೂ ಹೂಳು ತುಂಬಿದ ಕೆರೆಗಳೂ ಪಾಲುದಾರರೇ. 2018ರಿಂದ ಇಲ್ಲಿನ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಹರಿದುಬರುತ್ತಿದೆ.

ಬ್ರಿಟನ್ನಿನ ವ್ಯವಸ್ಥೆಯೂ ಈ ನಡುವೆ ಬದಲಾಗಿದೆ. ಓ.ಡಿ.ಎ.ಯ ಸ್ಥಾನದಲ್ಲಿ 1997ರಲ್ಲಿ ಪ್ರತ್ಯೇಕ ಸಚಿವಾಲಯ ಬಂದಿತು. 2020ರಲ್ಲಿ ಅದು ವಿದೇಶಾಂಗ ಸಚಿವಾಲಯದಲ್ಲಿ ವಿಲೀನವಾಯಿತು. ನೆರವನ್ನು ಪರಿಶೀಲಿಸಲು 2011ರಲ್ಲಿ ಸ್ವತಂತ್ರ ಆಯೋಗವೊಂದು ಸ್ಥಾಪನೆಗೊಂಡಿತು. ಅದು ಮಾಡುವ ಪ್ರತಿ ಶಿಫಾರಸಿಗೂ ಸರ್ಕಾರ ಒಪ್ಪಿದೆಯೋ, ಭಾಗಶಃ ಒಪ್ಪಿದೆಯೋ, ಒಪ್ಪಿಲ್ಲವೋ ಎಂದು ಲಿಖಿತ ಉತ್ತರ ಕೊಡಬೇಕು. ಭಾರತಕ್ಕೆ ಸಾಂಪ್ರದಾಯಿಕ ಅನುದಾನವನ್ನು ನಿಲ್ಲಿಸುವ ನಿರ್ಧಾರವನ್ನು ಬ್ರಿಟನ್ 2012ರಲ್ಲೇ ಪ್ರಕಟಿಸಿತ್ತು. ಇತರ ರೂಪಗಳಲ್ಲಿ ಮುಂದುವರಿದ ನೆರವಿನ ಕುರಿತು ಈ ಆಯೋಗ 2023ರಲ್ಲಿ ವರದಿ ನೀಡಿತು. ಇದು ಮೆಚ್ಚಬೇಕಾದ ಶಿಸ್ತು. ಆದರೂ ಈ ಪ್ರಶ್ನೋತ್ತರವೆಲ್ಲ ದಾನಿಯ ದೇಶದೊಳಗೇ ನಡೆಯುತ್ತದೆ. ತೆರಿಗೆ ಕೊಟ್ಟವನಿಗೆ ಅಲ್ಲಿ ಉತ್ತರ ದೊರೆಯುತ್ತದೆ. ಫಲವನ್ನೋ ನಷ್ಟವನ್ನೋ ಉಂಡವನಿಗೆ ದೊರೆಯುವುದಿಲ್ಲ.

ಈ ಮಾತು ಪರದೇಶದ ದಾನಿಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ಸರ್ಕಾರವಾಗಲಿ, ಸೇವಾಸಂಸ್ಥೆಯಾಗಲಿ, ನಮ್ಮ ನಿಮ್ಮ ಸಭೆಗಳಾಗಲಿ, ಪರರ ಹಿತಕ್ಕೆಂದು ಕೈಹಾಕಿದವರೆಲ್ಲರೂ ಇದನ್ನು ಕೇಳಿಕೊಳ್ಳಬೇಕು. ಕೆಲಸ ಕೆಟ್ಟಿತೆಂದು ತಿಳಿದಾಗ ಮುಂದಿನ ಊರಿನಲ್ಲಿ ಚೆನ್ನಾಗಿ ಮಾಡುವುದು ಸುಲಭ. ಕೆಟ್ಟ ಊರಿಗೇ ಹಿಂದಿರುಗಿ, ಅಲ್ಲಿನ ಕೂಲಿಯವರನ್ನೂ ರೈತರನ್ನೂ ಕೂರಿಸಿಕೊಂಡು, ಕಂಡದ್ದನ್ನು ಅವರ ಭಾಷೆಯಲ್ಲಿ ತಿಳಿಸಿ, ನೆಲವನ್ನು ಸರಿಪಡಿಸಲು ಕೈಜೋಡಿಸುವುದು ಕಷ್ಟ. ಮೌಲ್ಯಮಾಪನ ಪೂರ್ಣವಾಗುವುದು ಆಗಲೇ. ಕೋಲಾರಕ್ಕೆ ಅಂಥ ಉತ್ತರ ಇನ್ನೂ ಸಲ್ಲಬೇಕಾಗಿದೆ.