ಕೀಲಿಗಳಿಗೆ ಗಮಕ ಕಲಿಸಿದವರು

ನಮ್ಮ ಐರಣಿ ಕಡೆ ಸ್ಯಾಕ್ಸೋಫೋನ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಬಂಟ್ವಾಳ ತಾಲೂಕಿನ ಕದ್ರಿ ಗೋಪಾಲನಾಥರು ಅದನ್ನು ಮೊದಲು ಕೇಳಿದ್ದು ಮೈಸೂರು ಅರಮನೆ ಬ್ಯಾಂಡಿನಲ್ಲಿ. ತಂದೆ ನಾಗಸ್ವರ ವಿದ್ವಾಂಸರು. ಮಗ ಹಿಡಿದದ್ದು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರವನ್ನು. ಹೌದು, ಯಂತ್ರವೇ. ಎಂಜಿನಿಯರಿಂಗ್ ಓದಿದವನ ಕಣ್ಣಿಗೆ ಅದು ರಂಧ್ರ, ಮುಚ್ಚಳ, ಸ್ಪ್ರಿಂಗ್. ಕೀಲಿ ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಮ್ಮ ಗಮಕ ಬದುಕಿರೋದು ಆ ಎರಡರ ನಡುವೆ! ಅಲ್ಲಿಗೆ ತಲುಪಲು ಅವರಿಗೆ ಸುಮಾರು 20 ವರ್ಷ ಹಿಡಿಯಿತು.

ವಿದೇಶಿ ವಾದ್ಯ ಅಂತ ಮೂಗು ಮುರಿದವರಿದ್ದರು. ಪಿಟೀಲು ಎಲ್ಲಿಂದ ಬಂತು ಸ್ವಾಮಿ?

1980ರಲ್ಲಿ ಮುಂಬೈ ಜಾಝ್ ಯಾತ್ರಾದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ಕದ್ರಿ ನುಡಿಸಿದರು. ಮುಂದೆ, ಅಮೆರಿಕದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಎಂಬ ಜಾಝ್ ವಿದ್ಯಾರ್ಥಿಗೆ ಅವರಣ್ಣ ತಮಾಷೆಗೆಂದು ಒಂದು ಆಲ್ಬಂ ಕೊಟ್ಟರು: 'ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್'. ನುಡಿಸಿದವರು ಕದ್ರಿ. ತಮಾಷೆ ಅಲ್ಲಿಗೇ ನಿಂತಿತು. ರುದ್ರೇಶ್ ಅವರನ್ನು ಹುಡುಕಿಕೊಂಡು ಬಂದರು.

2008ರಲ್ಲಿ ಇಬ್ಬರೂ ಸೇರಿ ತಂದ ಆಲ್ಬಂ 'ಕಿನ್ಸ್‌ಮೆನ್', ಅಂದರೆ ಬಂಧುಗಳು. ಹೆಸರು ಸುಮ್ಮನೆ ಇಟ್ಟದ್ದಲ್ಲ. ಒಬ್ಬರಿಗೆ ರಾಗ ಉಸಿರು, ಇನ್ನೊಬ್ಬರಿಗೆ ಜಾಝ್. ಕದ್ರಿ ತಮ್ಮ ದಾರಿ ಬಿಡಲ್ಲ, ರುದ್ರೇಶ್ ನಕಲು ಮಾಡಲ್ಲ. ನನಗೆ ಹಿಡಿಸಿದ್ದು ಅದೇ. ಸ್ಟುಡಿಯೋದಲ್ಲಿ ದಿನಾ ಸಂಜೆ 'ಯಾವುದು ನಮ್ಮದು' ಅಂತ ಜಗಳ ನಡೆಸೋ ನನಗೆ ಅದು ಅಪರೂಪ. ಆಲ್ಬಂನಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲಿದೆ, ಪೂವಲೂರ್ ಶ್ರೀಜಿಯವರ ಮೃದಂಗವಿದೆ. ಗಿಟಾರ್ ರೆಝ್ ಅಬ್ಬಾಸಿ ಅವರದು. ಅವರು ಹುಟ್ಟಿದ್ದು ಕರಾಚಿಯಲ್ಲಿ.